ಕಲ್ಲು ತಾನೆ, ಸಾರ್!

ಶನಿವಾರ ಭಾನುವಾರಗಳ ಪ್ರವಾಸಿಗರೆಂದರೆ ನಮ್ಮ ವಿದ್ಯಾವಂತರಿಗೆ ಈಚೆಗೆ ಒಂದು ಬಗೆಯ ಅಸಹ್ಯ. ಅವರು ಹೋದಲ್ಲೆಲ್ಲ ಗದ್ದಲ, ಹೋದಲ್ಲೆಲ್ಲ ಕಸ. ಆದ್ದರಿಂದ ಶುಲ್ಕವನ್ನು ನಾಲ್ಕು ಪಟ್ಟು ಏರಿಸಿ, ಯೋಗ್ಯತೆಯುಳ್ಳವರನ್ನಷ್ಟೇ ಒಳಗೆ ಬಿಡಬೇಕಂತೆ. ಈ ಮಾತನ್ನು ಯಾವುದಾದರೂ ಪತ್ರಿಕೆಯಲ್ಲಿ ಓದಿದ್ದರೆ ಸುಮ್ಮನಿರುತ್ತಿದ್ದೆನೋ ಏನೋ. ನನ್ನ ಜೊತೆ ಒಂದೇ ವ್ಯಾನಿನಲ್ಲಿ ಕುಳಿತು, ನನ್ನ ಮನೆಯ ಚಿತ್ರಾನ್ನ ತಿಂದು ಬಂದ ಮಿತ್ರರೊಬ್ಬರು ಆಡಿದ್ದರಿಂದ ಉತ್ತರ ಕೊಡಬೇಕಾಗಿದೆ. ಅವರೂ ನನ್ನಂತೆಯೇ ಕಾಲೇಜಿನ ಅಧ್ಯಾಪಕರು.

ಮೂಗೂರಿನಲ್ಲಿ ತ್ರಿಪುರಸುಂದರಿ ಅಮ್ಮನ ಜಾತ್ರೆ ಮುಗಿದ ಮೇಲೆ ಒಂದು ಶುಕ್ರವಾರ ರಾತ್ರಿ ನಾವು ಆರು ಮಂದಿ ಹೊರಟೆವು. ಮೈಸೂರು, ಮಡಿಕೇರಿ, ಸಂಪಾಜೆಯ ಘಾಟಿ. ಬೆಳಗಾದ ಮೇಲೆ ಮಲ್ಪೆ, ಅಲ್ಲಿಂದ ದೋಣಿ. ತೀರದಿಂದ ಸುಮಾರು 6 ಕಿ.ಮೀ. ದೂರದಲ್ಲಿ ನಡುಗಡ್ಡೆಗಳ ಸಾಲು. ಅವುಗಳಲ್ಲಿ ದೊಡ್ಡವು ನಾಲ್ಕು: ತೆಂಗಿನ ದ್ವೀಪ, ಉತ್ತರ ದ್ವೀಪ, ದರಿಯಾ ಬಹಾದ್ದೂರ್ ಗಡ, ದಕ್ಷಿಣ ದ್ವೀಪ. ನಕ್ಷೆಯಲ್ಲಿ ಸೇಂಟ್ ಮೇರೀಸ್. ಆ ಕಡೆಯವರ ಬಾಯಲ್ಲಿ ತೋನ್ಸೆಪಾರ್.

ದೋಣಿಯಲ್ಲಿ ನಮಗೆ ಸಿಕ್ಕ ವಿವರಣೆ ಒಂದೇ: ವಾಸ್ಕೋ ಡ ಗಾಮ ಕಲ್ಲಿಕೋಟೆಗೆ ಹೋಗುವ ಮೊದಲು ಇಲ್ಲಿ ಇಳಿದನು. ಅದೂ ತಪ್ಪು. ಆ ಯಾನದ ದಿನಚರಿಯ ಪ್ರಕಾರ, ಮೇರಿ ಮಾತೆಯ ಹೆಸರಿನ ಕಂಬವನ್ನು ಅವನು ಇಂಥ ನಡುಗಡ್ಡೆಯೊಂದರಲ್ಲಿ ನೆಡಿಸಿದ್ದು ಕಲ್ಲಿಕೋಟೆಯಿಂದ ಹಿಂದಿರುಗುವಾಗ, 1498ರ ಸೆಪ್ಟೆಂಬರಿನಲ್ಲಿ. ಸಾವಿರಾರು ಕಂಬಗಳು ತಾವಾಗಿಯೇ ನಿಂತಿರುವ ಜಾಗಕ್ಕೆ ಇನ್ನೊಂದು ಕಂಬ ಹೊತ್ತು ತಂದ ಪುಣ್ಯಾತ್ಮ!

ತೆಂಗಿನ ದ್ವೀಪದಲ್ಲಿ ಇಳಿದೆವು. ಐದು ಮೂಲೆ, ಆರು ಮೂಲೆ, ಏಳು ಮೂಲೆಯ ಕಲ್ಲುಗಂಬಗಳು ಒತ್ತೊತ್ತಾಗಿ, ಯಾರೋ ಶಿಲ್ಪಿ ಅಳೆದು ಜೋಡಿಸಿದಂತೆ ನಿಂತಿವೆ. ಅಂಥ ಒಂದು ಕಂಬದ ಮೇಲೆ ಹುಡುಗನೊಬ್ಬ ಬೈಕಿನ ಕೀಲಿಯಿಂದ ಹೆಸರು ಕೆತ್ತುತ್ತಿದ್ದ. ನನ್ನ ಮಿತ್ರರು ಕೆಂಡವಾದರು. "ಇಂಥವರಿಗೆಲ್ಲ ಇಲ್ಲೇನು ಕೆಲಸ?" ಹುಡುಗ ಬೆಚ್ಚಿಬಿದ್ದು, "ಕಲ್ಲು ತಾನೆ, ಸಾರ್!" ಎಂದ.

ಈ ಉತ್ತರಕ್ಕೆ ಹೊಣೆ ಯಾರು? ಹುಡುಗನೆಂದು ಮಿತ್ರರ ತೀರ್ಪು. ನಾವೆಂದು ನನ್ನ ವಾದ.

ಅವನು ಹಾಸನದ ಕಡೆಯವನು, ವೆಲ್ಡಿಂಗ್ ಕೆಲಸದವನು, ಓದಿದ್ದೆಲ್ಲ ಕನ್ನಡದಲ್ಲಿ. ಪಕ್ಕದಲ್ಲಿ ಕೂರಿಸಿಕೊಂಡು ನನಗೆ ತಿಳಿದಷ್ಟು ಹೇಳಿದೆ: ಇದು ಒಮ್ಮೆ ಕರಗಿ ಹರಿದ ಕಲ್ಲು, ಆರುವಾಗ ಕುಗ್ಗಿತು, ಕುಗ್ಗುವಾಗ ಬಿರಿಯಿತು, ಬಿರುಕು ಮೇಲಿನಿಂದ ಕೆಳಗಿಳಿದಂತೆ ಕಂಬಗಳಾದವು. ನಮ್ಮೂರಲ್ಲಿ ಬೇಸಿಗೆಗೆ ಕೆರೆ ಬತ್ತಿದಾಗ ಅಂಗಳದ ಕೆಸರು ಮೂಲೆಮೂಲೆಯಾಗಿ ಒಡೆಯುವುದೂ ಇದೇ ಬಗೆಯಲ್ಲಿ. ಮಾತು ಮುಗಿಯುವ ಮೊದಲೇ ಅವನು, "ಬೆಸುಗೆ ಬೇಗ ಆರಿದರೆ ಸೀಳು ಬಿಡುತ್ತಲ್ಲ ಸಾರ್, ಹಾಗೆ" ಎಂದ. ಎಂ.ಎ. ಪಾಸಾದ ನನಗೆ ಆ ಹೋಲಿಕೆ ಹೊಳೆದಿರಲಿಲ್ಲ. ಇದು ನಡೆದದ್ದು ಸುಮಾರು 8.8 ಕೋಟಿ ವರ್ಷಗಳ ಹಿಂದೆ, ಮಡಗಾಸ್ಕರ್ ನಮ್ಮ ನೆಲದಿಂದ ಹರಿದುಹೋದ ಕಾಲದಲ್ಲಿ, ಅಲ್ಲಿಯೂ ಅದೇ ಕಾಲದ ಬೆಂಕಿಗಲ್ಲುಗಳಿವೆ ಎಂದಾಗ ಅವನು ಕೀಲಿಯನ್ನು ಜೇಬಿಗೆ ಹಾಕಿಕೊಂಡು ಸುಮ್ಮನೆ ಪಶ್ಚಿಮದ ಕಡೆ ನೋಡಿದ.

ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣ ಸಂಸ್ಥೆ ಈ ತಾಣವನ್ನು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕಗಳ ಸಾಲಿಗೆ ಸೇರಿಸಿದೆ. ವಿದ್ವಾಂಸರ ಪ್ರಬಂಧಗಳೂ ಇವೆ, ಇಂಗ್ಲಿಷಿನಲ್ಲಿ. ಇಪ್ಪತ್ತು ವರ್ಷದಿಂದ ಕನ್ನಡ ಪಾಠ ಹೇಳುತ್ತಿರುವ ನಾನು ಮಾಡಿದ್ದೇನು? 'ದ್ವಿ' ಎಂದರೆ ಎರಡು, 'ಅಪ್' ಎಂದರೆ ನೀರು, ಎರಡು ಕಡೆ ನೀರುಳ್ಳದ್ದು 'ದ್ವೀಪ' ಎಂದು ಕರಿಹಲಗೆಯ ಮೇಲೆ ಪದ ಬಿಡಿಸಿ ತೋರಿಸಿದೆ. ನಡುಗಡ್ಡೆ, ರಂಗನತಿಟ್ಟಿನ ತಿಟ್ಟು, ಕರಾವಳಿಯ ಕುದ್ರು, ಇಷ್ಟೆಲ್ಲ ಮಾತುಗಳು ಮನೆಯಲ್ಲೇ ಇದ್ದೂ ಅವುಗಳ ಹುಟ್ಟಿನ ಕಥೆಯನ್ನು ಒಂದು ದಿನವೂ ಹೇಳಲಿಲ್ಲ. ಕನ್ನಡಕ್ಕೆ ಆ ಶಕ್ತಿಯಿಲ್ಲ ಎನ್ನುವವರಿದ್ದಾರೆ. ಬೆಳ್ಳಾವೆ ವೆಂಕಟನಾರಣಪ್ಪನವರು 'ವಿಜ್ಞಾನ' ಪತ್ರಿಕೆಯನ್ನು ನಡೆಸಿದ್ದು 1918ರ ಸುಮಾರಿನಲ್ಲಿ. ಇದೇ ಕರಾವಳಿಯ ಕೋಟದವರಾದ ಶಿವರಾಮ ಕಾರಂತರು ಮಕ್ಕಳಿಗೆ 'ಬಾಲ ಪ್ರಪಂಚ' ಕೊಟ್ಟರು, ದೊಡ್ಡವರಿಗೆ ನಾಲ್ಕು ಸಂಪುಟಗಳ 'ವಿಜ್ಞಾನ ಪ್ರಪಂಚ' ಕೊಟ್ಟರು, ಅದೂ ಒಬ್ಬರೇ ಕುಳಿತು! ಅಶಕ್ತಿ ಭಾಷೆಯದಲ್ಲ. ಒಬ್ಬರ ಕವನಸಂಕಲನಕ್ಕೆ ಇನ್ನೊಬ್ಬರು ಮುನ್ನುಡಿ ಬರೆದುಕೊಳ್ಳುವುದರಲ್ಲಿ ನಮಗೆ ಬಿಡುವಿಲ್ಲ.

ತಿಳಿವಳಿಕೆಯಿಂದಲೇ ಎಲ್ಲ ಸರಿಹೋದೀತೆ ಎಂದು ಮಿತ್ರರು ಕೇಳಿದರು. ಇಲ್ಲ, ಒಪ್ಪುತ್ತೇನೆ. 2022ರ ಏಪ್ರಿಲಿನಲ್ಲಿ ಕೇರಳದಿಂದ ಬಂದ ಮೂವರು ವಿದ್ಯಾರ್ಥಿಗಳು ಇದೇ ನಡುಗಡ್ಡೆಯ ಬಳಿ ನೀರುಪಾಲಾದರು. ಅವರು ಓದುತ್ತಿದ್ದುದು ಎಂಜಿನಿಯರಿಂಗ್. ವರ್ಷವರ್ಷವೂ ಮಕ್ಕಳನ್ನು ಪ್ರವಾಸಕ್ಕೆ ಕರೆದೊಯ್ಯುವ ನಾನು ಆ ಸುದ್ದಿಯನ್ನು ಮರೆಯಲಾರೆ. ಕಾವಲುಗಾರರು ಬೇಕು, ಹಗ್ಗ ಬೇಕು, ಬೈದು ತಡೆಯುವವರೂ ಬೇಕು. ಆದರೆ ನಾಲ್ಕು ಪಟ್ಟು ಶುಲ್ಕ ಅಳೆಯುವುದು ಜೇಬನ್ನು, ಯೋಗ್ಯತೆಯನ್ನಲ್ಲ. ವೆಲ್ಡಿಂಗ್ ಹುಡುಗ ಹೊರಗುಳಿಯುತ್ತಾನೆ, ನಾವು ಒಳಗೆ ಹೋಗುತ್ತೇವೆ. ಹೋಗಿ ಏನು ಮಾಡುತ್ತೇವೆ? ಭಾನುವಾರ ಸಂಜೆ ಸಂಪಾಜೆಯಲ್ಲಿ ಚಹಕ್ಕೆ ನಿಂತಾಗ ನನ್ನ ಮಿತ್ರರು ಕರವಸ್ತ್ರದ ಗಂಟು ಬಿಚ್ಚಿ ಅಂಗೈಯಗಲದ ಕಲ್ಲಿನ ಚೂರೊಂದನ್ನು ತೋರಿಸಿದರು. ಕಾಲೇಜಿನ ಗಾಜಿನ ಬೀರುವಿಗಂತೆ. "ಬಿದ್ದಿತ್ತು" ಎಂದರು. ಇರಬಹುದು.

ದೋಣಿ ಹತ್ತುವ ಮುನ್ನ ಆ ಹುಡುಗ ನನ್ನ ಫೋನಿನ ನಂಬರು ತೆಗೆದುಕೊಂಡು, "ಇದನ್ನು ಕನ್ನಡದಲ್ಲಿ ಎಲ್ಲಿ ಓದಬಹುದು ಸಾರ್?" ಎಂದು ಕೇಳಿದ. ತಟ್ಟನೆ ಹೆಸರಿಸಲು ನನಗೊಂದು ಪುಸ್ತಕವೂ ತೋಚಲಿಲ್ಲ. ಊರಿಗೆ ಬಂದು ನಾಲ್ಕು ಪುಟ ಬರೆದಿದ್ದೇನೆ. ಭೂವಿಜ್ಞಾನ ಬಲ್ಲ ವಾಚಕರು ಯಾರಾದರೂ ಅದನ್ನು ತಿದ್ದಿಕೊಟ್ಟರೆ ಅವನಿಗೆ ಕಳುಹಿಸುತ್ತೇನೆ.