ನಿದ್ರಾಮದ್ದಿನ ನಿಗಾ

ಹಾಲಿನಂತೆ ಬೆಳ್ಳಗಿರುವ ಪ್ರೊಪೊಫಾಲ್ ಎಂಬ ಅರಿವಳಿಕೆಯು ಶಸ್ತ್ರಚಿಕಿತ್ಸೆಯ ಅಲ್ಪಾವಧಿಯಲ್ಲಿ ಬಹುಮಟ್ಟಿಗೆ ನಿರಪಾಯಕರವೆಂಬುದು ನಿಜ. ಆದರೆ ತೀವ್ರ ನಿಗಾ ಘಟಕದಲ್ಲಿ, ದೇಹತೂಕದ ಪ್ರತಿ ಕಿಲೋಗ್ರಾಂಗೆ ಗಂಟೆಗೆ 4 ಮಿಲಿಗ್ರಾಂ ಮೀರಿದ ಪ್ರಮಾಣದಲ್ಲಿ, 48 ಗಂಟೆಗೂ ಹೆಚ್ಚುಕಾಲ ಅದನ್ನು ರಕ್ತನಾಳಕ್ಕೆ ಹರಿಸಿದಾಗ, ಜೀವಕೋಶಗಳಿಗೆ ಶಕ್ತಿಯೊದಗಿಸುವ ಮೈಟೊಕಾಂಡ್ರಿಯಗಳು ಕುಂದಿ, ರಕ್ತವು ಆಮ್ಲೀಯವಾಗಿ, ಸ್ನಾಯುಗಳು ಶಿಥಿಲಗೊಂಡು, ಮೂತ್ರಪಿಂಡಗಳು ಸೋತು, ಕಡೆಗೆ ಹೃದಯವೇ ನಿಂತುಹೋಗುವುದು ವಿರಳವಾಗಿಯಾದರೂ ಉಂಟು. 1992ರಲ್ಲಿ ಬ್ರಿಟನ್ನಿನ ವೈದ್ಯರು ಹೀಗೆ ಮಡಿದ ಐವರು ಮಕ್ಕಳ ವೃತ್ತಾಂತವನ್ನು ಪ್ರಕಟಿಸಿದರು. ಅವರೆಲ್ಲರೂ ಆಸ್ಪತ್ರೆಗೆ ಬಂದಿದ್ದುದು—ನೆನೆದರೆ ಎದೆ ಕಲಕುತ್ತದೆ—ಉಸಿರಾಟದ ಸೋಂಕಿನ ಚಿಕಿತ್ಸೆಗಾಗಿ. ವಿರಳವೆಂಬ ಕಾರಣದಿಂದ ಎಚ್ಚರವು ಸಡಿಲವಾಗಕೂಡದು: ರೋಗಿಯ ಮೂತ್ರ ಕಂದುಗಟ್ಟಿದುದನ್ನೋ ನಾಡಿ ನಿಧಾನವಾದುದನ್ನೋ ಮೊದಲು ಕಂಡ ದಾದಿಯ ಮಾತಿಗೆ ವೈದ್ಯರು ಒಡನೆಯೇ ಕಿವಿಗೊಟ್ಟು, ರಕ್ತಪರೀಕ್ಷೆಯ ಫಲಿತಾಂಶಕ್ಕೂ ಕಾಯದೆ ಆ ಮದ್ದನ್ನು ನಿಲ್ಲಿಸಿ ಬೇರೊಂದನ್ನು ಆರಂಭಿಸುವ ಪದ್ಧತಿಯು ಪ್ರತಿಯೊಂದು ನಿಗಾ ಘಟಕದಲ್ಲಿಯೂ ನೆಲೆಗೊಳ್ಳತಕ್ಕದ್ದು.