ಕಾಫಿ ಸಿಗಲಿಲ್ಲ ಅಂತೀರಿ, ಕೇಳಿದ್ದು ಯಾವ ಭಾಷೆಯಾಗ?

ಸೊಲ್ಲಾಪುರ ದಾಟಿ ಪುಣೆಗೆ ಹೋಗುವ ಕನ್ನಡ ಬಂಧುಗಳೇ, ಹೆದ್ದಾರಿಯಲ್ಲಿ ಒಂದು ಕಪ್ ಚಲೋ ಕಾಫಿ ಸಿಗಲ್ಲ ಅನ್ನೋದು ನಿಮ್ಮ ದೂರು. ಖರೇ ಅದ. ಚಿಂಚೋಳಿ ಎಂಐಡಿಸಿ ಹತ್ತಿರ (ಕಲಬುರಗಿ ಜಿಲ್ಲೆಯ ಚಿಂಚೋಳಿ ಅಲ್ರೀ, ಇದು ಪುಣೆ ರಸ್ತೆದು) ಗಾಡಿ ನಿಲ್ಲಿಸಿದರೆ ಸಿಗೋದು ಚಹಾ. ಕಾಫಿ ಅಂದ್ರ ಬಿಸಿ ಹಾಲಿಗೆ ಪೊಟ್ಟಣದ ಪುಡಿ, ಮ್ಯಾಲ ಸಕ್ಕರಿ. ದೇಶದ ಕಾಫಿಯಲ್ಲಿ ಸುಮಾರು ಶೇ. 70 ಬೆಳೆಯೋದು ಕರ್ನಾಟಕ. ಆದರೂ ಇದಕ್ಕೆ ಗಡಿಯನ್ನು ಬೈಯಬೇಡ್ರಿ. ವಿಜಯಪುರ, ಕಲಬುರಗಿ ಮಂದಿನೂ ನಮ್ಮಂಗ ಚಹಾದವರೇ.

ನಮ್ಮ ಸಿಟ್ಟು ಬೇರೆ. ಗಾಡಿ ಇಳಿದ ಕೂಡ್ಲೇ ನೀವು "ಭಾಯ್, ಕಾಫಿ ಹೈ ಕ್ಯಾ?" ಅಂತೀರಿ. ಕಿಟ್ಲಿ ಹಿಡಿದ ಹುಡುಗ ಅಕ್ಕಲಕೋಟ ಕಡೆಯವನಿರಬಹುದು, ಮನೆಯಾಗ ಅವ್ವನ ಜೊತೆ ಕನ್ನಡವೇ ಆಡುವವನು. ಅವನೂ ಹಿಂದಿಯಲ್ಲೇ ಉತ್ತರ ಕೊಡ್ತಾನ. ಇಬ್ಬರು ಕನ್ನಡಿಗರ ನಡುವೆ ಈ ಹಿಂದಿ ಯಾಕ್ರೀ?

ಇದು ಸಿದ್ಧರಾಮನ ಸೊನ್ನಲಿಗೆ. 1974ರ ಮಂಡ್ಯ ಸಾಹಿತ್ಯ ಸಮ್ಮೇಳನದ ಅಧ್ಯಕ್ಷೆ ಜಯದೇವಿತಾಯಿ ಲಿಗಾಡೆಯವರ ಊರು. ಇಲ್ಲಿ ಗಿರಾಕಿಯೇ ಕನ್ನಡ ಆಡದಿದ್ದರೆ ಹೋಟೆಲಿನವ ಕನ್ನಡ ಬೋರ್ಡು ಯಾಕ ಬರೆಸ್ತಾನ? ಕನ್ನಡ ಶಾಲೆಗೆ ಮಾಸ್ತರು ಕೊಡ್ರಿ, ಕನ್ನಡದಾಗ ಫಲಕ ಹಾಕ್ರಿ ಅಂತ ನಾವು ಅರ್ಜಿ ಹಿಡಕೊಂಡು ಹೋದಾಗ "ಇಲ್ಲಿ ಕನ್ನಡ ಎಲ್ಲಿ ಕೇಳಿಸ್ತದ?" ಅಂದರೆ ನಾವು ಏನು ತೋರಿಸೋಣ? ಮರಾಠಿಯವರ ಜೊತೆ ನಮ್ಮದೇನೂ ಜಗಳ ಇಲ್ಲ. ಜಗಳ ನಿಮ್ಮ ನಾಚಿಕೆ ಜೊತೆ.

ಮುಂದಿನ ಸಲ ಎಂಐಡಿಸಿ ಹತ್ರ ನಿಂತಾಗ ಮೊದಲ ಮಾತು ಇದೇ ಇರಲಿ: "ಅಣ್ಣಾರ, ಕಾಫಿ ಸಿಗ್ತದೇನ್ರಿ?" ಇಲ್ಲ ಅಂದ್ರ ಚಹಾ ಕುಡೀರಿ, ಚಲೋ ಇರ್ತದ.