ಅಮ್ಮಿಯ ಪಾನ್‌ದಾನ್ ಯಾರದು?

ಕಳೆದ ತಿಂಗಳು ಮಹಿಳೆಯರ ಕುರ್‌ಆನ್ ತರಗತಿ ಮುಗಿದ ಮೇಲೆ ಸಹೋದರಿಯೊಬ್ಬರು ಎಲ್ಲರೂ ಹೋಗುವವರೆಗೆ ಕಾದು ಕುಳಿತಿದ್ದರು. ಅವರ ತವರು ಬೀದರ್ ಕಡೆ. ಹಳೆಯ ದುಪಟ್ಟಾದಲ್ಲಿ ಸುತ್ತಿ ತಂದಿದ್ದ ಪಾನ್‌ದಾನನ್ನು ನನ್ನ ಮುಂದಿಟ್ಟು, "ಆಪಾ, ಇದರ ತಳದಲ್ಲಿ ಏನೋ ಬರೆದಿದೆ, ಓದಿ ಹೇಳಿ" ಎಂದರು.

ಅದು ಅವರ ತಾಯಿಯ ಪಾನ್‌ದಾನ್. ತಾಯಿ ತೀರಿಕೊಂಡು ವರ್ಷ ಕಳೆದಿತ್ತು. ಮನೆ ಖಾಲಿ ಮಾಡುವಾಗ ಭಾಭಿ ಅದನ್ನು ಹಳೇ ಕಬ್ಬಿಣವೆಂದು ಗುಜರಿಗೆ ಹಾಕಲು ಹೊರಟಿದ್ದರಂತೆ. ಗುಜರಿಯವನು ಇನ್ನೂರು ರೂಪಾಯಿ ಹೇಳಿದ್ದನಂತೆ. "ಅಮ್ಮಿ ಯಾವಾಗಲೂ 'ನನ್ನ ನಂತರ ಇದು ನಿನ್ನದೇ' ಅನ್ನುತ್ತಿದ್ದರು. ಅದಕ್ಕೇ ಎತ್ತಿಕೊಂಡು ಬಂದೆ" ಎಂದು ಅವರು ಕಣ್ಣೊರೆಸಿಕೊಂಡರು.

ತಳದಲ್ಲಿ ಮೊಳೆಯಿಂದ ಗೀಚಿದಂತೆ ಅರಬಿ ಅಂಕಿಗಳಲ್ಲಿ 1318 ಎಂದಿತ್ತು. ಹಿಜರಿ ವರ್ಷವಾದರೆ ಅದು ಕ್ರಿ.ಶ. 1900-01. ಇದಕ್ಕೊಂದು ಸುಲಭ ಲೆಕ್ಕವಿದೆ. ಹಿಜರಿ ವರ್ಷವನ್ನು 0.97ರಿಂದ ಗುಣಿಸಿ 622 ಕೂಡಿಸಿದರೆ ಹೆಚ್ಚು ಕಡಿಮೆ ಇಸವಿ ಸಿಗುತ್ತದೆ. ಆದರೆ ಬೀದರ್ 1948ರವರೆಗೆ ನಿಜಾಮರ ಹೈದರಾಬಾದ್ ಸಂಸ್ಥಾನದಲ್ಲಿತ್ತು. ಅಲ್ಲಿನ ಸರಕಾರಿ ಕಾಗದಪತ್ರಗಳಲ್ಲಿ ಫಸಲಿ ವರ್ಷ ಬಳಕೆಯಲ್ಲಿತ್ತು. ಫಸಲಿಗೆ 590 ಕೂಡಿಸಬೇಕು. ಹಾಗಾದರೆ ಅದು 1908ರ ಸುಮಾರಿಗೆ ಬರುತ್ತದೆ. ಎರಡರಲ್ಲಿ ಯಾವುದಾದರೂ ಆ ವಸ್ತುವಿಗೆ ನೂರು ವರ್ಷ ದಾಟಿದೆ. ಬಹುಶಃ ಅಮ್ಮಿಯ ನಾನಿಯ ಮದುವೆಯ ಕಾಲದ್ದು.

ಅದು ಕಬ್ಬಿಣವೂ ಆಗಿರಲಿಲ್ಲ. ಅಯಸ್ಕಾಂತ ಹಿಡಿದರೆ ಅಂಟಲಿಲ್ಲ. ಮಾಸಿದ ಕಪ್ಪಿನ ನಡುವೆ ಅಲ್ಲಲ್ಲಿ ಬೆಳ್ಳಿಯ ತಂತಿಯ ಬಳ್ಳಿ ಕಾಣುತ್ತಿತ್ತು. ಬಿದರಿ ಕೆಲಸ! ಹೆಚ್ಚಿನ ಪಾಲು ಸತು, ಸ್ವಲ್ಪ ತಾಮ್ರ ಸೇರಿಸಿ ಎರಕ ಹೊಯ್ದು, ಮೇಲೆ ಚಿತ್ತಾರ ಕೊರೆದು, ಆ ಕೊರೆತದಲ್ಲಿ ಬೆಳ್ಳಿಯನ್ನು ಬಡಿದು ಕೂರಿಸುತ್ತಾರೆ. ಕೊನೆಗೆ ಬೀದರ್ ಕೋಟೆಯ ಮಣ್ಣಿಗೆ ನವಸಾಗರ ಬೆರೆಸಿದ ನೀರಿನಲ್ಲಿ ಹಾಕಿದಾಗ ಲೋಹವೆಲ್ಲ ಕಪ್ಪಾಗುತ್ತದೆ, ಬೆಳ್ಳಿ ಮಾತ್ರ ಬೆಳ್ಳಗೇ ಉಳಿಯುತ್ತದೆ. ಬಹಮನಿ ಸುಲ್ತಾನರ ಕಾಲದಿಂದ ಬಂದ ಈ ಕಲೆ 1851ರಲ್ಲಿ ಲಂಡನಿನ ಮಹಾ ಪ್ರದರ್ಶನದಲ್ಲೂ ಕಾಣಿಸಿಕೊಂಡಿತು. ಬೀದರಿನ ಶಾಹ್ ರಶೀದ್ ಅಹ್ಮದ್ ಖಾದ್ರಿಯವರಿಗೆ ಇದೇ ಕೆಲಸಕ್ಕಾಗಿ 2023ರಲ್ಲಿ ಪದ್ಮಶ್ರೀ ಬಂತು. ಆದರೆ ಬಿದರಿ ಎಂದ ಕೂಡಲೇ ಅದು ಬೀದರಿನದೇ ಎನ್ನುವಂತಿಲ್ಲ. ಹಿಂದೆ ಲಕ್ನೋ, ಪೂರ್ನಿಯಾ, ಮುರ್ಶಿದಾಬಾದುಗಳಲ್ಲೂ ಇದನ್ನು ಮಾಡುತ್ತಿದ್ದರು. ಆದ್ದರಿಂದ ವಸ್ತುವನ್ನು ನೋಡಿದಷ್ಟೇ ಮುಖ್ಯವಾಗಿ ಮನೆತನದ ಕತೆಯನ್ನೂ ಕೇಳಬೇಕು.

ನಮ್ಮಲ್ಲಿ ಹಲವರ ಮನೆಗಳ ಅಟ್ಟದಲ್ಲಿ ಇಂತಹ ವಸ್ತುಗಳಿವೆ. ಹೆಸರು ಕೊರೆದ ತಾಮ್ರದ ದೇಗ್ಚಿ, ಸುರಾಹಿ, ಅತ್ತರ್‌ದಾನ್, ಕೈಬರಹದ ಕಿತಾಬು, ಬೆಳ್ಳಿಯ ರೂಪಾಯಿ. ಅವು ಸಿಕ್ಕಾಗ ನಾವು ಮೊದಲು ಮಾಡುವ ತಪ್ಪು, ಹುಣಸೆಹಣ್ಣು ಹಾಕಿ ಚೆನ್ನಾಗಿ ಉಜ್ಜುವುದು. ಬಿದರಿಯನ್ನು ಹುಳಿ ಹಾಕಿ ಉಜ್ಜಿದರೆ ಕಪ್ಪು ಬಣ್ಣವೇ ಎದ್ದುಹೋಗುತ್ತದೆ. ಮೆತ್ತಗಿನ ಬಟ್ಟೆಯಲ್ಲಿ ಎರಡು ಹನಿ ಕೊಬ್ಬರಿ ಎಣ್ಣೆ ಹಾಕಿ ಒರೆಸಿದರೆ ಸಾಕು. ಕೆಳಗೆ ಬಿದ್ದರೆ ಬಿರುಕು ಬಿಡುತ್ತದೆ, ಮಕ್ಕಳ ಕೈಗೆ ಕೊಡಬೇಡಿ.

ಎರಡನೆಯದಾಗಿ, ಮನೆಯ ಹಿರಿಯರನ್ನು ಇಂದೇ ಕೇಳಿ. ಇದು ಯಾರ ಮದುವೆಗೆ ಬಂತು, ಯಾವ ಊರಿನಿಂದ ಬಂತು, ಕೊಟ್ಟವರು ಯಾರು? ಅವರು ಹೇಳಿದ್ದನ್ನು ದಿನಾಂಕ ಹಾಕಿ ಬರೆದಿಡಿ. ತಳ, ಮುಚ್ಚಳ, ಒಳಭಾಗಗಳ ಫೋಟೋ ತೆಗೆಯಿರಿ, ಅಳತೆ ತೂಕ ಬರೆಯಿರಿ. ಹಳೆಯ ನಿಕಾಹ್‌ನಾಮಾ, ಮದುವೆಯಲ್ಲಿ ಕೊಟ್ಟ ಸಾಮಾನಿನ ಪಟ್ಟಿ ಇದ್ದರೆ ಹುಡುಕಿ. ಹೈದರಾಬಾದಿನ ಸಾಲಾರ್ ಜಂಗ್ ಮ್ಯೂಸಿಯಮ್ಮಿನಲ್ಲಿ ಬಿದರಿಯ ಒಳ್ಳೆಯ ಸಂಗ್ರಹವಿದೆ. ಹೋದಾಗ ನಿಮ್ಮ ಫೋಟೋ ಜೊತೆಗಿಟ್ಟು ಹೋಲಿಸಿ ನೋಡಬಹುದು. ಬೆಲೆ ಕೇಳುವುದಾದರೆ ಕೊಳ್ಳಲು ಬಂದವನೊಬ್ಬನನ್ನೇ ನಂಬಬೇಡಿ. ಕೆಲಸ ಬಲ್ಲ ಕುಶಲಕರ್ಮಿಯೊಬ್ಬರನ್ನೂ ಬೇರೊಬ್ಬ ತಿಳಿದವರನ್ನೂ ಕೇಳಿ. ಇಂತಹ ವಸ್ತುವಿನಲ್ಲಿ ಬೆಳ್ಳಿ ಇರುವುದು ಸ್ವಲ್ಪವೇ. ಬೆಲೆ ಇರುವುದು ಕೆಲಸದ ನಯದಲ್ಲಿ, ವಯಸ್ಸಿನಲ್ಲಿ, ಕೆಡದೆ ಉಳಿದ ಸ್ಥಿತಿಯಲ್ಲಿ.

ಇಷ್ಟು ಹೇಳಿದಾಗ ಆ ಸಹೋದರಿಯ ಮುಖ ಅರಳಿತು. ಆದರೆ ಮುಂದಿನ ಮಾತನ್ನು ಹೇಳದೆ ನನಗೆ ವಿಧಿಯಿರಲಿಲ್ಲ.

"ಅಮ್ಮಿ ಬದುಕಿದ್ದಾಗ ಇದನ್ನು ನಿಮ್ಮ ಕೈಗೆ ಕೊಟ್ಟಿದ್ದರೇ?" ಎಂದು ಕೇಳಿದೆ.

"ಇಲ್ಲ, ಕೊನೆಯವರೆಗೂ ಅವರ ಮಂಚದ ಪಕ್ಕದಲ್ಲೇ ಇತ್ತು."

ಹಿಬಾ ಅಂದರೆ ಉಡುಗೊರೆ ಪೂರ್ಣವಾಗಬೇಕಾದರೆ ಕೊಡುವವರು ಕೊಟ್ಟೆನೆನ್ನಬೇಕು, ಪಡೆಯುವವರು ಒಪ್ಪಬೇಕು, ವಸ್ತು ಕೈಗೆ ಬರಬೇಕು. 'ನನ್ನ ನಂತರ ನಿನ್ನದು' ಎಂಬುದು ಹಿಬಾ ಅಲ್ಲ, ವಸಿಯ್ಯತ್. ವಾರಸುದಾರರಿಗೆ ಮಾಡಿದ ವಸಿಯ್ಯತ್ ಉಳಿದ ವಾರಸುದಾರರು ಒಪ್ಪಿದರೆ ಮಾತ್ರ ಜಾರಿಯಾಗುತ್ತದೆ. ಇಲ್ಲದಿದ್ದರೆ ಅದು ಎಲ್ಲರ ಸೊತ್ತು. ಅವರ ತಂದೆ ಮೊದಲೇ ತೀರಿಹೋಗಿದ್ದರು. ಉಳಿದವರು ಇಬ್ಬರು ಗಂಡುಮಕ್ಕಳು, ಇಬ್ಬರು ಹೆಣ್ಣುಮಕ್ಕಳು. ಸಾಲವೇನಾದರೂ ಇದ್ದರೆ ಅದನ್ನು ತೀರಿಸಿದ ಮೇಲೆ ಆರು ಪಾಲು ಮಾಡಬೇಕು. ಗಂಡುಮಕ್ಕಳಿಗೆ ಎರಡೆರಡು, ಹೆಣ್ಣುಮಕ್ಕಳಿಗೆ ಒಂದೊಂದು. ಪಾನ್‌ದಾನಿನಲ್ಲಿ ಇವರದು ಆರನೆಯ ಒಂದು ಭಾಗ ಮಾತ್ರ.

"ಗುಜರಿಗೆ ಹೋಗುವುದನ್ನು ಉಳಿಸಿದ್ದು ನಾನು. ಈಗ ಬೆಲೆ ಇದೆ ಎಂದರೆ ಅವರೂ ಪಾಲುದಾರರೇ?" ಎಂದು ಅವರು ಕೇಳಿದರು. ಅವರ ನೋವು ನನಗೂ ಅರ್ಥವಾಗುತ್ತಿತ್ತು. ಆದರೂ ಹೌದೆಂದೆ. ಸೊತ್ತು ಸ್ವಲ್ಪವಿರಲಿ ಹೆಚ್ಚಿರಲಿ, ಅದರಲ್ಲಿ ಪಾಲು ನಿಗದಿಯಾಗಿದೆ ಎಂದು ಅನ್ನಿಸಾ ಅಧ್ಯಾಯದಲ್ಲಿ ಅಲ್ಲಾಹನೇ ತೀರ್ಮಾನಿಸಿರುವಾಗ, ಹಳೆಯ ಪಾತ್ರೆಯೆಂಬ ವಿನಾಯಿತಿ ಎಲ್ಲಿಂದ ಬರಬೇಕು? ಬೆಲೆ ತಿಳಿಯದೆ ಪಾಲು ಮಾಡಿದರೆ ಯಾರಿಗೋ ಅನ್ಯಾಯವಾಗುತ್ತದೆ. ವಸ್ತುವಿನ ಮೂಲ, ಬೆಲೆ ಹುಡುಕುವುದು ಬರೀ ಶೋಕಿಯಲ್ಲ, ಹಕ್ಕಿನ ಪ್ರಶ್ನೆ.

ಅವರ ತಮ್ಮ ಇರುವುದು ದುಬೈಯಲ್ಲಿ. "ಅವನಿಗೆ ಕೊಟ್ಟು ಕಳಿಸಿದರೆ ಅಲ್ಲಿ ಒಳ್ಳೆಯ ಬೆಲೆ ಬರಬಹುದೇ?" ಎಂದರು. ಅದೂ ಆಗದ ಮಾತು. 1972ರ ಪುರಾತನ ವಸ್ತು ಕಾಯ್ದೆಯ ಪ್ರಕಾರ ನೂರು ವರ್ಷ ದಾಟಿದ ಇಂತಹ ವಸ್ತುಗಳನ್ನು ಖಾಸಗಿಯವರು ದೇಶದಿಂದ ಹೊರಗೆ ಸಾಗಿಸುವಂತಿಲ್ಲ. ಮಹತ್ವದ ಹಸ್ತಪ್ರತಿಗಳಿಗೆ 75 ವರ್ಷವಾದರೆ ಸಾಕು. ಚಿತ್ತಾರವಿರುವ ಹಸ್ತಪ್ರತಿಗಳನ್ನು ನೋಂದಣಿಯನ್ನೂ ಮಾಡಿಸಬೇಕು. ಮನೆಯಲ್ಲಿ ಬಣ್ಣದ ಅಂಚಿನ ಕೈಬರಹದ ಹಳೆಯ ಕುರ್‌ಆನ್ ಇದ್ದರೆ, ಜೀರ್ಣವಾಗಿದೆಯೆಂದು ಹೂಳುವ ಮುನ್ನ ತಿಳಿದವರಿಗೆ ತೋರಿಸಿ.

ಎರಡು ವಾರದ ನಂತರ ಅವರು ಮತ್ತೆ ಬಂದರು. ಅಣ್ಣ, ತಮ್ಮ, ತಂಗಿ ಮೂವರಿಗೂ ಫೋನ್ ಮಾಡಿ ಇದ್ದದ್ದನ್ನು ಇದ್ದಂತೆ ಹೇಳಿದ್ದರು. ಅಣ್ಣ ಮೊದಲು ನಕ್ಕರಂತೆ, "ಇನ್ನೂರು ರೂಪಾಯಿಯ ಡಬ್ಬಿಗೆ ಇಷ್ಟೊಂದು ಲೆಕ್ಕವೇ?" ಎಂದರಂತೆ. ತಂಗಿ ಮಾತ್ರ ಸ್ವಲ್ಪ ಹೊತ್ತು ಸುಮ್ಮನಿದ್ದು, "ಆಪಾ, ಡಬ್ಬಿಯ ಲೆಕ್ಕ ನೀವು ಕೊಟ್ಟಿರಿ. ಅಮ್ಮಿಯ ಹೆಸರಿನಲ್ಲಿದ್ದ ನಾಲ್ಕು ಎಕರೆಯ ಲೆಕ್ಕ ನಮಗಿಬ್ಬರಿಗೆ ಯಾರೂ ಕೊಡಲಿಲ್ಲವಲ್ಲ" ಎಂದಳಂತೆ. ಅಣ್ಣ ಫೋನ್ ಇಟ್ಟುಬಿಟ್ಟರು.

ಮೂರು ದಿನಗಳ ನಂತರ ಅವರೇ ಕರೆ ಮಾಡಿದರು. ಪಾನ್‌ದಾನ್ ನಿನ್ನಲ್ಲೇ ಇರಲಿ, ನಾವು ಮೂವರೂ ಒಪ್ಪಿದ್ದೇವೆ ಎಂದರು. ಈದ್‌ಗೆ ಊರಿಗೆ ಬನ್ನಿ, ಜಮೀನಿನ ಕಾಗದ ತೆಗೆದು ಕೂರೋಣ ಎಂದೂ ಹೇಳಿದರು. ಜಮೀನಿನ ವಿಷಯ ಇನ್ನೂ ಮುಗಿದಿಲ್ಲ. ಮುಗಿಯಲಿ ಎಂದು ದುಆ ಮಾಡುತ್ತಿದ್ದೇನೆ.

ಸಹೋದರಿಯರೇ, ನಿಮ್ಮ ಮನೆಯ ಅಟ್ಟದಲ್ಲೂ ಹಳೆಯದೊಂದು ವಸ್ತು ಇರಬಹುದು. ಅದನ್ನು ಇಳಿಸಿ ಧೂಳು ಒರೆಸುವಾಗ, ಅದು ಎಷ್ಟು ಬಾಳುತ್ತದೆ ಎಂದು ಕೇಳುವ ಮೊದಲು ಅದರಲ್ಲಿ ಯಾರ ಯಾರ ಹಕ್ಕಿದೆ ಎಂದು ಕೇಳಿಕೊಳ್ಳಿ. ಆ ಸಹೋದರಿ ತಮ್ಮ ಕೈಯಲ್ಲಿದ್ದುದರ ಲೆಕ್ಕ ಮೊದಲು ಕೊಟ್ಟರು. ಉಳಿದ ಲೆಕ್ಕ ಕೇಳುವ ಧೈರ್ಯ ಮನೆಯವರಿಗೆ ಆಮೇಲೆ ಬಂತು.